ರೋಹಿಣಿ ಹೊಳೆಯ ಜಗಳ ಮುಗಿದ ಮೇಲೆ

ನಮ್ಮ ಮನೆಯಲ್ಲಿ ಬಾಬಾಸಾಹೇಬರ ಫೋಟೋ ಪಕ್ಕದಲ್ಲೇ ಬುದ್ಧನ ಫೋಟೋ ಇತ್ತು. ಬುದ್ಧ ಏನು ಹೇಳಿದ ಅಂತ ಮಾತ್ರ ನಮಗೆ ಯಾರೂ ಹೇಳಿರಲಿಲ್ಲ. ಬಿಇ ಮುಗಿಸಿ ವಾಡಿ ಜಂಕ್ಷನ್ನಿನಲ್ಲಿ ಬೆಂಗಳೂರಿನ ರೈಲು ಹತ್ತುವಾಗ ಅಪ್ಪ ಬ್ಯಾಗಿನೊಳಗೆ ಒಂದು ದಪ್ಪ ಪುಸ್ತಕ ತುರುಕಿದರು: ಅಂಬೇಡ್ಕರರ ‘ಬುದ್ಧ ಮತ್ತು ಆತನ ಧಮ್ಮ’. ಅಪ್ಪ ಶಹಾಬಾದಿನ ಗಣಿಯಲ್ಲಿ ಪರಸಿ ಕಲ್ಲು ತೆಗೆದವರು, ಅಕ್ಷರ ಕೂಡಿಸಿ ಕೂಡಿಸಿ ಓದುವವರು. “ನಾ ತಂದೀನಿ, ನೀ ಓದು ತಮ್ಮಾ” ಅಂದರು, ಅಷ್ಟೇ.

ಎರಡು ವರ್ಷ ನಾನು ಅದನ್ನು ತೆರೆಯಲೇ ಇಲ್ಲ. ಆಮೇಲೆ ಓದಿದ್ದು ಸಿಟ್ಟಿನಲ್ಲಿ. ಆಗ ಕೆಲಸ ಮಾಡುತ್ತಿದ್ದ ಕಡೆ ಊಟದ ಹೊತ್ತಿನಲ್ಲಿ ಹಿರಿಯರೊಬ್ಬರು ನಗುನಗುತ್ತಾ ನನ್ನ ‘ಫುಲ್ ನೇಮ್’ ಕೇಳಿದರು. ಹೇಳಿದೆ. ಮರುದಿನದಿಂದ ಆ ಟೇಬಲ್ಲಿನಲ್ಲಿ ನನಗೆ ಜಾಗ ಇರಲಿಲ್ಲ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧಧಮ್ಮ ಸ್ವೀಕರಿಸಿದ ಅಂಬೇಡ್ಕರರು ಡಿಸೆಂಬರ್ 6ಕ್ಕೆ ತೀರಿಕೊಂಡರು. ಪುಸ್ತಕ ಅಚ್ಚಾಗಿದ್ದು 1957ರಲ್ಲಿ. ಶಾಲೆಯಲ್ಲಿ ನಾವೆಲ್ಲ ಓದಿದ ಮುದುಕ, ರೋಗಿ, ಹೆಣದ ಕತೆಯನ್ನು ಅವರು ಒಪ್ಪುವುದಿಲ್ಲ. ಇಪ್ಪತ್ತೊಂಬತ್ತು ವರ್ಷದ ಗಂಡಸು ಅಲ್ಲಿಯವರೆಗೆ ಒಂದು ಹೆಣ ನೋಡಿರಲಿಲ್ಲವೇ ಅಂತ ಕೇಳುತ್ತಾರೆ. ಅದರ ಬದಲು ರೋಹಿಣಿ ಹೊಳೆ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಎದ್ದ ಜಗಳವನ್ನು ಮುಂದಿಡುತ್ತಾರೆ. ಸಿದ್ಧಾರ್ಥ ಸಂಘದ ಸಭೆಯಲ್ಲಿ ಯುದ್ಧ ಬೇಡ ಅನ್ನುತ್ತಾನೆ, ಮತದಲ್ಲಿ ಸೋಲುತ್ತಾನೆ, ಆದರೂ ಸೈನ್ಯ ಸೇರುವುದಿಲ್ಲ. ಹಾಗಾದರೆ ನಿನ್ನ ಕುಟುಂಬಕ್ಕೆ ಬಹಿಷ್ಕಾರ, ಹೊಲ ಜಪ್ತಿ ಅಂತಾರೆ. ತಪ್ಪು ನನ್ನದು, ಅವರನ್ನು ಬಿಡಿ ಎಂದು ತಾನೇ ಊರು ಬಿಡುತ್ತಾನೆ.

‘ಬಹಿಷ್ಕಾರ’ ಅನ್ನೋ ಪದ ಓದಿದಾಗ ಪುಸ್ತಕ ಮುಚ್ಚಿಟ್ಟಿದ್ದೆ. ನಮ್ಮ ಕಡೆ ಅದು ಪುರಾಣದ ಪದ ಅಲ್ಲ.

ಈ ಹತ್ತು ವರ್ಷದಲ್ಲಿ ನಾಲ್ಕು ಸಲ ಓದಿದ್ದೇನೆ. ಪಂಚಶೀಲ ಹಿಡಿದಿದ್ದೇನೆ (ಐದನೆಯದು ಎರಡು ಟೀಮ್ ಪಾರ್ಟಿಗಳಲ್ಲಿ ಮುರಿದಿದೆ, ಮತ್ತೆ ಹಿಡಿದೆ). ಬೆಳಗ್ಗೆ ಅರ್ಧ ತಾಸು ಕೂರುತ್ತೇನೆ. ಹಾಗಾಗಿ ಈ ಪುಸ್ತಕದ ಜೊತೆ ಜಗಳವಾಡುವ ಹಕ್ಕು ನನಗೆ ಬಂದಿದೆ ಅಂದುಕೊಂಡಿದ್ದೇನೆ.

ಮೊದಲ ತಕರಾರು: ನಾಲ್ಕು ಆರ್ಯಸತ್ಯಗಳು ಬುದ್ಧನವೇ, ಅಥವಾ ಭಿಕ್ಷುಗಳು ಆಮೇಲೆ ಸೇರಿಸಿದ್ದೇ ಎಂದು ಅಂಬೇಡ್ಕರರು ಅನುಮಾನಿಸುತ್ತಾರೆ. ಬದುಕೇ ದುಃಖ ಅಂದರೆ ಜನರಿಗೆ ಭರವಸೆ ಎಲ್ಲಿಂದ ಬರಬೇಕು ಅನ್ನೋದು ಅವರ ಆತಂಕ. ನ್ಯಾಯವಾದ ಆತಂಕವೇ. ಆದರೆ ಇಲ್ಲಿ ಅವರು ಅವಸರ ಮಾಡಿದರು ಅನ್ನಿಸುತ್ತದೆ. ದುಃಖವನ್ನು ಒಪ್ಪಿಕೊಂಡ ಮೇಲೆಯೇ ನನಗೆ ಆ ಟೇಬಲ್ಲಿನ ಕತೆಯನ್ನು ಒಬ್ಬರಿಗಾದರೂ ಹೇಳಲು ಆಗಿದ್ದು. ಎರಡನೆಯದು, ಯಾವ ಮಾತು ಯಾವ ಸುತ್ತದ್ದು ಅಂತ ಮೂಲದಲ್ಲಿ ಸೂಚಿಸಿಲ್ಲ. ಹಿಂದಿಗೆ ತಂದ ಭದಂತ ಆನಂದ ಕೌಸಲ್ಯಾಯನರು ಆಕರಗಳನ್ನು ಹುಡುಕಿ ಕೊಡಬೇಕಾಯಿತು. ಪಿಜಿ ರೂಮಿನಲ್ಲಿ ಒಬ್ಬನೇ ಕೂತವನು ಉಸಿರನ್ನು ಏನು ಮಾಡಬೇಕು ಅನ್ನೋದಕ್ಕೂ ಇಲ್ಲಿ ಹೆಚ್ಚು ಉತ್ತರ ಸಿಗುವುದಿಲ್ಲ.

ಅದಕ್ಕೇ ನಮ್ಮಂಥವರು ಆ್ಯಪ್ ಹಾಕಿಕೊಳ್ಳುತ್ತೇವೆ. ನೀವೂ ಹಾಕಿಕೊಂಡಿರಬಹುದು. ಹತ್ತು ನಿಮಿಷ, ಮಳೆ ಸದ್ದು, ಆಮೇಲೆ ಸ್ಟ್ಯಾಂಡಪ್ ಮೀಟಿಂಗ್. ನಿದ್ದೆಗೆ ಒಳ್ಳೆಯದೇ, ನಾನೂ ಬಳಸಿದ್ದೇನೆ. ಆದರೆ ಟೇಬಲ್ಲಿನಲ್ಲಿ ಯಾರಿಗೆ ಜಾಗ ಇಲ್ಲ ಅಂತ ಆ ಆ್ಯಪ್ ಒಂದು ದಿನವೂ ಕೇಳಲಿಲ್ಲ.

ಮೂರನೇ ಓದಿನಲ್ಲಿ ಕಣ್ಣಿಗೆ ಬಿದ್ದ ಜಾಗ ಬೇರೆ. ಸಿದ್ಧಾರ್ಥ ರಾಜಗೃಹದಲ್ಲಿದ್ದಾಗ ಐವರು ಪರಿವ್ರಾಜಕರು ಬಂದು, ಶಾಕ್ಯರೂ ಕೋಲಿಯರೂ ರಾಜಿಯಾದರು, ಯುದ್ಧ ಇಲ್ಲ ಅಂತಾರೆ. ಮನೆ ಬಿಟ್ಟ ಕಾರಣವೇ ಹೋಯಿತು. ವಾಪಸ್ ಹೋಗಬಹುದು. ಅವನು ಕೂತು ಯೋಚಿಸುತ್ತಾನೆ, ಹೋಗುವುದಿಲ್ಲ. ಒಂದು ಹೊಳೆಯ ಜಗಳ ಮುಗಿದರೂ ಜನ ಜನರ ನಡುವಿನ ಜಗಳ ಮುಗಿದಿಲ್ಲ ಅನ್ನೋದು ಅವನಿಗೆ ಕಾಣುತ್ತದೆ. ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಬೆಲೆಬಾಳುವ ಪುಟಗಳು ಇವು. ನಾನೂ ಕೆಲಸ ಬದಲಿಸಿದೆ, ಆ ಹಿರಿಯರ ಮುಖ ಮರೆತೆ, ಸಿಟ್ಟು ಇಳಿಯಿತು. ಆದರೂ ಬೆಳಗ್ಗೆ ಏಳುವುದು ನಿಲ್ಲಲಿಲ್ಲ.

ಹೋದ ದೀಪಾವಳಿಗೆ ಅಪ್ಪನನ್ನು ಸನ್ನತಿಗೆ ಕರೆದೊಯ್ದೆ. ನಮ್ಮ ತಾಲೂಕಿನದೇ, ಭೀಮೆಯ ದಂಡೆ. ಅಪ್ಪ ಅಲ್ಲಿಯವರೆಗೆ ನೋಡಿದ್ದು ಚಂದ್ರಲಾಂಬೆ ಗುಡಿ ಮಾತ್ರ. ಅದೇ ಆವರಣದ ಕಾಳಿ ಗುಡಿಯಲ್ಲಿ ಮೂರ್ತಿಗೆ ಪೀಠವಾಗಿದ್ದ ಬಂಡೆಯ ಮೇಲೆ ಅಶೋಕನ ಶಾಸನ ಇತ್ತು ಅಂತ 1980ರ ದಶಕದಲ್ಲಿ ಗೊತ್ತಾಯಿತು. ಮೂರ್ತಿ ಕೂರಿಸಲು ಅಕ್ಷರಗಳ ನಡುವೆಯೇ ತೂತು ಕೊರೆದಿದ್ದರು. ಅದರಲ್ಲಿರುವ ಹನ್ನೆರಡನೇ ಶಾಸನ ಹೇಳುವುದು, ನಿನ್ನ ಪಂಥ ಹೊಗಳಿ ಬೇರೆಯವರದ್ದು ತೆಗಳಬೇಡ, ನಾಲಿಗೆ ಹಿಡಿತದಲ್ಲಿರಲಿ ಅಂತ. ಸನಿಹದ ಕನಗನಹಳ್ಳಿಯಲ್ಲಿ ಸ್ತೂಪ; ರಾಣಿಯರ ಜೊತೆ ನಿಂತ ಅಶೋಕ, ಪಕ್ಕದಲ್ಲಿ ಬ್ರಾಹ್ಮಿಯಲ್ಲಿ ‘ರಾಯೋ ಅಸೋಕೋ’.

ಅಪ್ಪ ರಾಜನ ಕತೆ ಕೇಳಲಿಲ್ಲ. ಬಿದ್ದಿದ್ದ ಒಂದು ಚಪ್ಪಡಿಯ ಅಂಚು ಸವರಿ ನೋಡಿದರು.

“ಸುಣ್ಣದ ಕಲ್ಲದ. ನಮ್ಮ ಪರಸಿ ಜಾತಿದೇ,” ಅಂದರು. “ಯಾರು ಕಡದಾರೋ, ಅವರ ಹೆಸರು ಬರದಿಲ್ಲೇನು?”

ಪುಸ್ತಕ ಈಗ ಊರಲ್ಲಿದೆ. ಸಂಜೆ ಫೋನಿನಲ್ಲಿ ಅಪ್ಪ ದಿನಕ್ಕೊಂದು ಪುಟ ಓದಿ ಹೇಳುತ್ತಾರೆ, ನಾನು ಕೇಳುತ್ತೇನೆ. ನಿನ್ನೆ ರೋಹಿಣಿ ಹೊಳೆ ಬಂತು.