ನೊಣದ ಜೊಲ್ಲು, ಮನುಷ್ಯನ ಮದ್ದು

ಕೀಟಗಳ ಲಾಲಾಗ್ರಂಥಿಯ ಜೀವಕೋಶಗಳ ಹೊರಪೊರೆಯಲ್ಲಿ ಸೆರೊಟೋನಿನ್, ಡೋಪಮೈನ್‌ನಂಥ ನರಪ್ರೇಷಕಗಳನ್ನು ಹಿಡಿಯುವ ಪ್ರೋಟೀನುಗಳಿರುತ್ತವೆ. ಇವೇ ಗ್ರಾಹಕಗಳು. ನರಪ್ರೇಷಕ ಬಂದು ಕೂತರೆ ಜೊಲ್ಲು ಸ್ರವಿಸುತ್ತದೆ. ಬಸ್ಸಿನ ಸೀಟಿಗೆ ಟವಲ್ ಹಾಕಿಟ್ಟಂತೆ ಬೇರೊಂದು ಅಣು ಆ ಜಾಗವನ್ನು ಹಿಡಿದಿಟ್ಟು, ತಾನೂ ಕೆಲಸ ಮಾಡದೆ ಬಂದವರಿಗೂ ಎಡೆಗೊಡದಿದ್ದರೆ ಅದು ತಡೆಮದ್ದು. ಮನುಷ್ಯರ ಕಾಯಿಲೆಗೆಂದು ಹುಟ್ಟಿದ ತಡೆಮದ್ದುಗಳನ್ನು ಕೀಟದ ಗ್ರಂಥಿಗೆ ಹಾಕಿ, ಅಲ್ಲಿರುವುದು ಯಾವ ಗ್ರಾಹಕವೆಂದು ಹೇಳುವ ಪದ್ಧತಿ ದಶಕಗಳಿಂದ ನಡೆದುಬಂದಿದೆ. ಪದ್ಧತಿ ಫಲ ಕೊಟ್ಟಿದೆ, ನಿಜ. ಆದರೆ ಅದರ ಮಾತನ್ನು ಹಲವು ಸಲ ಅಗತ್ಯಕ್ಕಿಂತ ಹೆಚ್ಚು ನಂಬಲಾಗಿದೆ.

ಈ ಪದ್ಧತಿಯ ಅತ್ಯುತ್ತಮ ಮಾದರಿ ಕ್ಯಾಲಿಫೋರಾ ಎಂಬ ನೀಲಿ ನೊಣ. ಇದರ ಲಾಲಾಗ್ರಂಥಿ ಒಂದೇ ಪದರದ ಕೋಶಗಳ ಜೋಡಿ ನಾಳ. ಕೇಂಬ್ರಿಜ್‌ನ ಮೈಕೆಲ್ ಬೆರಿಡ್ಜ್ ಈ ನಾಳವನ್ನು ಬಿಡಿಸಿ, ಪ್ಯಾರಫಿನ್ ಎಣ್ಣೆಯಡಿ ಲವಣದ ದ್ರಾವಣದ ಹನಿಯೊಂದರಲ್ಲಿಟ್ಟು, ಕತ್ತರಿಸಿದ ತುದಿಯನ್ನು ಎಣ್ಣೆಗೆ ಎಳೆದುಕೊಂಡರು. ತುದಿಯಿಂದ ಒಸರುವ ಜೊಲ್ಲು ಎಣ್ಣೆಯಲ್ಲಿ ದುಂಡಗಿನ ಹನಿಯಾಗಿ ನಿಲ್ಲುತ್ತದೆ. ಸೂಕ್ಷ್ಮದರ್ಶಕದಲ್ಲಿ ಅದರ ವ್ಯಾಸ ಅಳೆದರೆ ಗಾತ್ರ ಸಿಗುತ್ತದೆ. ನ್ಯಾನೊಮೋಲಾರ್ ಮಟ್ಟದ ಸೆರೊಟೋನಿನ್ ಸಾಕು, ಹನಿ ಬೆಳೆಯತೊಡಗುತ್ತದೆ. ಅಂದಹಾಗೆ, ಈ ಗ್ರಂಥಿಗೆ ನರಗಳ ಸಂಪರ್ಕವೇ ಇಲ್ಲ. ಸೆರೊಟೋನಿನ್ ಇಲ್ಲಿಗೆ ಬರುವುದು ಕೀಟದ ರಕ್ತದಲ್ಲಿ ತೇಲಿ, ಹಾರ್ಮೋನಿನ ಹಾಗೆ.

ಮದ್ದು ಹಾಕಿದಾಗ ಜೊಲ್ಲು ನಿಂತಿತೆಂದರೆ ಗ್ರಾಹಕ ಮುಚ್ಚಿತೆಂದೇ ಅರ್ಥವಲ್ಲ. ಕೋಶಕ್ಕೇ ವಿಷ ತಟ್ಟಿರಬಹುದು. ಇವೆರಡನ್ನು ಬೇರ್ಪಡಿಸಲು ಎರಡು ಪರೀಕ್ಷೆಗಳಿವೆ. ಸೆರೊಟೋನಿನ್ ಪ್ರಮಾಣ ಹೆಚ್ಚಿಸಿದಾಗ ತಡೆ ಸಡಿಲವಾಗಿ ಜೊಲ್ಲು ಪೂರ್ಣ ಮಟ್ಟಕ್ಕೆ ಮರಳಿದರೆ ಎರಡೂ ಒಂದೇ ಜಾಗಕ್ಕೆ ಪೈಪೋಟಿ ನಡೆಸುತ್ತಿವೆ ಎನ್ನಬಹುದು. ಆ ಪೈಪೋಟಿಯ ಬಲವನ್ನು ಸಂಖ್ಯೆಯಲ್ಲಿ ಹೇಳುವ ಲೆಕ್ಕವನ್ನು ರೂಪಿಸಿದವರು ಹೈಂಜ್ ಶಿಲ್ಡ್. ಎರಡನೆಯದು ಇನ್ನೂ ನೇರ. ಗ್ರಾಹಕವನ್ನು ಬಿಟ್ಟು, ಕೋಶದೊಳಗಿನ ಸಂದೇಶವಾಹಕವಾದ ಸೈಕ್ಲಿಕ್ ಎಎಂಪಿಯನ್ನೇ ಹೊರಗಿನಿಂದ ಕೊಡುವುದು. ಆಗಲೂ ಜೊಲ್ಲು ಬಂದರೆ ಯಂತ್ರ ಸರಿಯಿದೆ, ಮದ್ದು ತಡೆದದ್ದು ಬಾಗಿಲಲ್ಲೇ. ಈ ಎರಡನೆಯ ಪರೀಕ್ಷೆಯಿಲ್ಲದ ಫಲಿತಾಂಶಗಳನ್ನು ಅರ್ಧ ಮಾತ್ರ ನಂಬಬೇಕು.

ಹೀಗೆ ಎಚ್ಚರದಿಂದ ಬಳಸಿದಾಗ ಪದ್ಧತಿ ಏನು ಕೊಡಬಲ್ಲದೆಂಬುದಕ್ಕೆ 1981ರ ಬೆರಿಡ್ಜ್ ಮತ್ತು ಹೆಸ್ಲಾಪ್ ಅವರ ಕೆಲಸ ಸಾಕ್ಷಿ. ಸೆರೊಟೋನಿನ್ ಹೋಲುವ ಅಣುಗಳನ್ನೂ ತಡೆಮದ್ದುಗಳನ್ನೂ ಒರೆಗೆ ಹಚ್ಚಿ, ಇದೇ ಗ್ರಂಥಿಯಲ್ಲಿ ಎರಡು ಬಗೆಯ ಸೆರೊಟೋನಿನ್ ಗ್ರಾಹಕಗಳಿವೆ ಎಂದು ಅವರು ತೋರಿಸಿದರು: ಒಂದು ಸೈಕ್ಲಿಕ್ ಎಎಂಪಿಯನ್ನು ಏರಿಸುತ್ತದೆ, ಇನ್ನೊಂದು ಕ್ಯಾಲ್ಸಿಯಂ ಅನ್ನು. ಆ ಕ್ಯಾಲ್ಸಿಯಂ ದಾರಿಯನ್ನು ಬೆನ್ನಟ್ಟಿಯೇ 1983ರಲ್ಲಿ ಕೋಶದೊಳಗೆ ಕ್ಯಾಲ್ಸಿಯಂ ಬಿಡಿಸುವ ಸಂದೇಶವಾಹಕ ಇನಾಸಿಟಾಲ್ ಟ್ರೈಫಾಸ್ಫೇಟಿನ ಪಾತ್ರ ಬೆಳಕಿಗೆ ಬಂತು. ನೊಣದ ಜೊಲ್ಲಿನಿಂದ ಹೊರಟು ಇಡೀ ಜೀವಕೋಶ ವಿಜ್ಞಾನಕ್ಕೆ ಸಂದ ಕಾಣಿಕೆ ಅದು.

ಅದೇ ಗ್ರಂಥಿ ಪದ್ಧತಿಯ ದೌರ್ಬಲ್ಯವನ್ನೂ ಬಯಲಿಗಿಟ್ಟಿದೆ. ಎಲ್‌ಎಸ್‌ಡಿ ಎಂಬ ಭ್ರಾಂತಿಕಾರಕ ಸೆರೊಟೋನಿನ್ನಿನ ತಡೆಮದ್ದು ಎಂದು 1953ರಲ್ಲಿ ಜಾನ್ ಗ್ಯಾಡಮ್ ಇಲಿಯ ಗರ್ಭಕೋಶದಲ್ಲಿ ಕಂಡಿದ್ದರು. ನೊಣದ ಗ್ರಂಥಿಯಲ್ಲಿ ಅದು ತಡೆಯುವುದಿರಲಿ, ತಾನೇ ಜೊಲ್ಲು ಸುರಿಸಿತು. ತೊಳೆದ ಮೇಲೂ ಬಹಳ ಹೊತ್ತು ಬಿಡಲಿಲ್ಲ. ತಡೆ ಎಂಬುದು ಮದ್ದೊಂದರದೇ ಗುಣವಲ್ಲ, ಮದ್ದು ಮತ್ತು ಗ್ರಾಹಕ ಎರಡರ ನಡುವಿನ ಸಂಬಂಧ.

ಜಿರಳೆಯಲ್ಲಿ ಗೊಂದಲ ಇನ್ನಷ್ಟು. ಅದರ ಗ್ರಂಥಿಗೆ ನರಗಳುಂಟು. ಡೋಪಮೈನ್ ಬಂದರೆ ಪ್ರೋಟೀನಿಲ್ಲದ ನೀರು ಜೊಲ್ಲು, ಸೆರೊಟೋನಿನ್ ಬಂದರೆ ಪ್ರೋಟೀನ್ ತುಂಬಿದ ಜೊಲ್ಲು. ಮನೋರೋಗಕ್ಕೆ ಕೊಡುವ ಕ್ಲೋರ್‌ಪ್ರೊಮಜೀನ್ ಮತ್ತು ಫ್ಲೂಪೆಂಟಿಕ್ಸಾಲ್ ಇಲ್ಲಿ ಡೋಪಮೈನನ್ನು ತಡೆಯುತ್ತವೆ. ಆದರೆ ಕ್ಲೋರ್‌ಪ್ರೊಮಜೀನ್ ಡೋಪಮೈನ್, ಸೆರೊಟೋನಿನ್, ಹಿಸ್ಟಮಿನ್ ಎಂದು ಭೇದವೆಣಿಸದ ಮದ್ದು. ಅದು ತಡೆಯಿತೆಂಬ ಒಂದೇ ಆಧಾರದ ಮೇಲೆ ಗ್ರಾಹಕಕ್ಕೆ ಹೆಸರಿಡಲಾಗದು. ಸಸ್ತನಿಗಳಲ್ಲಿ ಡೋಪಮೈನಿನ ಡಿ1 ಗ್ರಾಹಕವನ್ನು ಗುರುತಿಸಲು ಪ್ರಮಾಣವೆನಿಸಿದ ತಡೆಮದ್ದು ಎಸ್‌ಸಿಎಚ್-23390 ಕೀಟಗಳ ಡಿ1 ಬಗೆಯ ಗ್ರಾಹಕಗಳಿಗೆ ಅಷ್ಟು ಬಿಗಿಯಾಗಿ ಅಂಟುವುದೇ ಇಲ್ಲ. ಅದು ಸೋತಿತೆಂದು ಡಿ1 ಇಲ್ಲವೆನ್ನುವುದೂ ತಪ್ಪು.

ಈ ತೊಡಕನ್ನು ಬಹುಮಟ್ಟಿಗೆ ಬಿಡಿಸಿದ್ದು ಜೀನುಗಳ ಅಧ್ಯಯನ. 2012ರಲ್ಲಿ ನೀಲಿ ನೊಣದ ಎರಡು ಗ್ರಾಹಕಗಳ ಜೀನುಗಳೇ ಕೈಗೆ ಸಿಕ್ಕಿದವು (5-ಎಚ್‌ಟಿ ಎಂದರೆ ಸೆರೊಟೋನಿನ್): 5-ಎಚ್‌ಟಿ2ಆಲ್ಫಾ ಕ್ಯಾಲ್ಸಿಯಂ ದಾರಿಯದು, 5-ಎಚ್‌ಟಿ7 ಸೈಕ್ಲಿಕ್ ಎಎಂಪಿ ದಾರಿಯದು. ಬೆರಿಡ್ಜ್ ಅವರ ಎಣಿಕೆ ಸರಿಯಾಗಿತ್ತು. ಅವರ ತೀರ್ಮಾನ ನಿಂತಿದ್ದುದು ಮದ್ದಿನ ಹಣೆಪಟ್ಟಿಯ ಮೇಲಲ್ಲ, ಗ್ರಂಥಿ ಕೊಟ್ಟ ಉತ್ತರದ ಮೇಲೆ.

ಬಿಡಿಸಿಟ್ಟ ಗ್ರಂಥಿಯಿಂದ ಜೀವಂತ ಕೀಟಕ್ಕೆ ಹೋದಾಗ ನೆಲ ಮತ್ತೆ ಜಾರುತ್ತದೆ. 1994ರ ಪ್ರಯೋಗವೊಂದರಲ್ಲಿ ಈಡಿಸ್ ಈಜಿಪ್ಟೈ ಸೊಳ್ಳೆಯಲ್ಲಿ ತಡೆಮದ್ದಿನ ಬದಲು ಸೆರೊಟೋನಿನ್ನನ್ನೇ ಬರಿದು ಮಾಡಲಾಯಿತು. ಸೊಳ್ಳೆಗಳು ಪ್ರಾಣಿಯನ್ನು ಹುಡುಕುವುದರಲ್ಲಿ ಹಿಂದೆ ಬೀಳಲಿಲ್ಲ, ರಕ್ತ ಹೀರುವುದರಲ್ಲಿ ತೊಡಕಾಯಿತು. ಜೊಲ್ಲು ಕಡಿಮೆಯಾದದ್ದು ಒಂದು ಕಾರಣವಿರಬಹುದು. ಆದರೆ ಸೆರೊಟೋನಿನ್ ಮಿದುಳಿನಲ್ಲೂ ಕರುಳಿನಲ್ಲೂ ಇದೆ. ಮೈಗೆಲ್ಲ ಹರಡುವ ಮದ್ದನ್ನು ಕೊಟ್ಟು ಗ್ರಂಥಿಯೊಂದರ ಮೇಲೇ ಹೊಣೆ ಹೊರಿಸುವ ಬರಹಗಳು, ಗ್ರಂಥಿಯಲ್ಲಿ ಮಾತ್ರ ಸೆರೊಟೋನಿನ್ ಗ್ರಾಹಕವನ್ನು ಇಲ್ಲವಾಗಿಸಿ ತೋರಿಸುವವರೆಗೆ, ಊಹೆಯ ಮಟ್ಟದಲ್ಲೇ ಉಳಿಯುತ್ತವೆ.