‘ಇಲ್ಲದ ಮೂಲ’ದ ಪಾಠ: ಪ್ಲಸ್ ವನ್ ಬೀಜಗಣಿತದಲ್ಲಿ ಸಮ್ಮಿಶ್ರ ಸಂಖ್ಯೆಗಳ ಪ್ರವೇಶ

ಸ್ಕ್ರೀನ್ ಕಾಣ್ತಾ ಉಂಟಲ್ವಾ? ಸರಿ.

ನಾನು ವಿಮರ್ಶೆಗೆ ಎತ್ತಿಕೊಂಡದ್ದು ಒಂದೇ ಪಾಠವನ್ನು: ಕೇರಳದ ಪ್ಲಸ್ ವನ್‌ನಲ್ಲಿ ಬಳಸುವ ಎನ್‌ಸಿಇಆರ್‌ಟಿ ಗಣಿತ ಪುಸ್ತಕದ ಸಮ್ಮಿಶ್ರ ಸಂಖ್ಯೆಗಳ ಅಧ್ಯಾಯ. ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ಹತ್ತರವರೆಗೆ ಕನ್ನಡದಲ್ಲೇ ಲೆಕ್ಕ ಮಾಡಿ ಬಂದ ನಮಗೆ ಅದು ಇಂಗ್ಲಿಷಿನಲ್ಲಿ ಎದುರಾಯಿತು. ‘ಇಮ್ಯಾಜಿನರಿ’ ಅಂದರೆ ಕಾಲ್ಪನಿಕ. ಹಾಗಾದ್ರೆ ಇದು ಕಟ್ಟುಕತೆಯಾ ಅಂತ ಬೆಂಚಿನಲ್ಲಿ ನಗು.

ಯಾವ ಸಂಖ್ಯೆಯ ವರ್ಗಕ್ಕೆ 1 ಕೂಡಿಸಿದರೆ ಸೊನ್ನೆ ಬರುತ್ತದೆ? ವಾಸ್ತವ ಸಂಖ್ಯೆಗಳಲ್ಲಿ ಅಂಥದ್ದು ಇಲ್ಲ. ಆದ್ದರಿಂದ ಸಂಖ್ಯಾವ್ಯವಸ್ಥೆಯನ್ನು ವಿಸ್ತರಿಸಬೇಕು, ಎನ್ನುತ್ತದೆ ಪಾಠ. ನನ್ನ ತಕರಾರು ಈ ‘ಆದ್ದರಿಂದ’ದ ಮೇಲೆ. ಪರವಲಯ ಅಡ್ಡ ಅಕ್ಷವನ್ನು ಮುಟ್ಟುವುದೇ ಇಲ್ಲವೆಂದರೆ ಉತ್ತರ ಇಲ್ಲ ಎನ್ನುವುದೇ ಪ್ರಾಮಾಣಿಕ ಉತ್ತರ. ವಿಸ್ತರಿಸುವ ದರ್ದು ಯಾರಿಗೆ? ನನ್ನ ಪಕ್ಕದಲ್ಲಿದ್ದವನು ಎದ್ದು ನಿಂತು, “ಇಲ್ಲದ್ದಕ್ಕೆ ಹೆಸರಿಟ್ಟರೆ ಅದು ಇದ್ದ ಹಾಗೆ ಆಗ್ತದಾ?” ಎಂದು ಕೇಳಿದ್ದ. ಪರೀಕ್ಷೆಗೆ ಅಷ್ಟು ಸಾಕು, ಕೂತ್ಕೊ, ಎಂಬ ಉತ್ತರ ಬಂತು. ಅವನು ಆಮೇಲೆ ಏನೂ ಕೇಳಲಿಲ್ಲ.

ತಮಾಷೆ ನೋಡಿ, ಅದೇ ಅಧ್ಯಾಯದ ಕೊನೆಯ ಚಾರಿತ್ರಿಕ ಟಿಪ್ಪಣಿಯಲ್ಲಿ ಅವನ ಜೊತೆಗಾರ ಇದ್ದಾನೆ: ಮಹಾವೀರಾಚಾರ್ಯ. ನೃಪತುಂಗ ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, ಸಂಸ್ಕೃತದ ‘ಗಣಿತಸಾರಸಂಗ್ರಹ’ದಲ್ಲಿ ಅವನು ಹೇಳಿದ್ದರ ಸಾರ ಇಷ್ಟೇ: ಋಣಸಂಖ್ಯೆ ಸ್ವಭಾವದಿಂದಲೇ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲವಿಲ್ಲ. ಈ ತೊಡಕನ್ನು ಮೊದಲು ಸ್ಪಷ್ಟವಾಗಿ ಹೇಳಿದ ಶ್ರೇಯಸ್ಸನ್ನು ಟಿಪ್ಪಣಿ ಅವನಿಗೆ ಕೊಡುತ್ತದೆ. ಅದನ್ನು ‘ನಮ್ಮವರು ಸಾವಿರ ವರ್ಷ ಮೊದಲೇ ಕಂಡುಹಿಡಿದಿದ್ದರು’ ಎಂದು ಓದುವವರೂ ಉಂಟು, ಅದು ತಪ್ಪು. ಅವನು ಬಾಗಿಲು ತೆರೆದವನಲ್ಲ, ಇಲ್ಲಿ ಗೋಡೆ ಉಂಟು ಎಂದು ಸರಿಯಾಗಿ ತೋರಿಸಿದವನು. ನನ್ನ ಸಹಪಾಠಿ ಮುಟ್ಟಿದ್ದೂ ಅದೇ ಗೋಡೆಯನ್ನು.

ಹಾಗಾದ್ರೆ ಬಾಗಿಲು ಎಲ್ಲಿಂದ ಬಂತು? ವರ್ಗ ಸಮೀಕರಣದಿಂದಲ್ಲ, ಘನ ಸಮೀಕರಣದಿಂದ. ಕಾರ್ಡಾನೊ 1545ರಲ್ಲೇ ಋಣಸಂಖ್ಯೆಯ ಮೂಲಗಳನ್ನು ಲೆಕ್ಕಕ್ಕೆ ತಂದಿದ್ದ, ನಿರುಪಯುಕ್ತ ಎಂದು ಬಿಟ್ಟಿದ್ದ. 1572ರಲ್ಲಿ ಬೊಂಬೆಲ್ಲಿ ಎತ್ತಿಕೊಂಡ ಸಮಸ್ಯೆ ಬೇರೆ ಥರದ್ದು: ಒಂದು ಸಂಖ್ಯೆಯ ಘನ, ಅದರ 15 ಪಟ್ಟಿಗೆ 4 ಕೂಡಿಸಿದಷ್ಟು. ಉತ್ತರ 4. ಬಾಯಿಲೆಕ್ಕದಲ್ಲೇ ಗೊತ್ತಾಗ್ತದೆ: 64 = 60 + 4. ಆದರೆ ಸೂತ್ರ ಹಾಕಿದರೆ 2 + √−121 ಮತ್ತು 2 − √−121 ಇವುಗಳ ಘನಮೂಲಗಳ ಮೊತ್ತ ಬರುತ್ತದೆ. ಉತ್ತರ ಕಣ್ಣೆದುರು ಉಂಟು, ದಾರಿ ಮಾತ್ರ ‘ಇಲ್ಲದ’ ಸಂಖ್ಯೆಗಳ ಮೂಲಕ. ಆ ಘನಮೂಲಗಳು 2 + √−1 ಮತ್ತು 2 − √−1 ಎಂದು ಬೊಂಬೆಲ್ಲಿ ತೋರಿಸಿದ. ಕೂಡಿಸಿ ನೋಡಿ: 4. ಇಲ್ಲಿ ‘ಉತ್ತರ ಇಲ್ಲ’ ಎಂದು ಎದ್ದು ಹೋಗುವ ಹಾಗಿಲ್ಲ, ಮಾರಾಯ್ರೆ!

ಹೆಸರಿನ ಬಗ್ಗೆ ಒಂದು ಮಾತು. ‘ಕಾಲ್ಪನಿಕ’ ಎಂಬ ವಿಶೇಷಣ 1637ರಲ್ಲಿ ದೆಕಾರ್ತ್ ಕೊಟ್ಟದ್ದು. ಅದರಿಂದಲೇ ವಿಷಯ ಕತ್ತಲೆಯಾಯಿತೆಂದು 1831ರಲ್ಲಿ ಗೌಸ್ ಆಕ್ಷೇಪಿಸಿದ. ಪಾರ್ಶ್ವಸಂಖ್ಯೆ ಎಂಬರ್ಥದ ಹೆಸರು ಸೂಚಿಸಿದ. −1ರಿಂದ ಗುಣಿಸಿದರೆ ರೇಖೆಯ ಮೇಲೆ ಪೂರ್ತಿ ಹಿಂದಕ್ಕೆ ತಿರುಗುತ್ತೇವೆ, √−1ರಿಂದ ಗುಣಿಸಿದರೆ ಅರ್ಧ ತಿರುಗಿ ಪಕ್ಕಕ್ಕೆ ನಿಲ್ಲುತ್ತೇವೆ. ನಮ್ಮಲ್ಲಿ ‘ಕಾಲ್ಪನಿಕ’ವೇ ಊರಿಬಿಟ್ಟಿದೆ, ಬದಲಿಸುವುದು ಕಷ್ಟ.

ಘನ ಸಮೀಕರಣದ ಸೂತ್ರ ಸಿಲೆಬಸ್‌ನಲ್ಲಿ ಇಲ್ಲವಲ್ಲ ಎಂದು ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ. ಸೂತ್ರ ಸಾಧಿಸುವುದು ಬೇಡ, ಬರೆದು ತೋರಿಸಿದರೆ ಸಾಕು. 2 + √−1ರ ಘನವನ್ನು ಮಕ್ಕಳೇ ಬಿಡಿಸಲಿ: 8, 12√−1, −6, −√−1. ಕೂಡಿಸಿದರೆ 2 + 11√−1. ಹತ್ತು ನಿಮಿಷದ ಕೆಲಸ, ಅದೂ ಬೋರ್ಡಿನ ಮೇಲೆ.