ಕಡಲು ಕಾಣುವ ಮನೆ, ಕಾಣದ ಪಾರೋತಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ: ದಕ್ಷಿಣ ಕನ್ನಡದ ಈ ಮೂರು ತಾಲೂಕುಗಳಿಗೆ ಕಡಲ ತೀರವಿಲ್ಲ. ಇಲ್ಲಿಂದ ಕಡಲಿಗೆ ಹೋಗುವುದು ನೀರು ಮತ್ತು ಜನ. ಬೆಳ್ತಂಗಡಿಯ ಘಟ್ಟದ ತಪ್ಪಲಿನ ಹಳ್ಳಗಳನ್ನು ಕೂಡಿಸಿಕೊಂಡ ನೇತ್ರಾವತಿ ಬಂಟ್ವಾಳದ ಪೇಟೆಯನ್ನು ಬಳಸಿ ಮಂಗಳೂರಿನ ಅಳಿವೆ ಸೇರುತ್ತದೆ. ವೇಣೂರಿನ ಗೊಮ್ಮಟನ ಕಾಲಬುಡದಲ್ಲಿ ಹರಿಯುವ ಫಲ್ಗುಣಿಯೂ ಅಲ್ಲಿಗೇ ಹೋಗುತ್ತದೆ. ಜನವೂ ಹಾಗೆಯೇ. ಓದಿಗೆ ಮಂಗಳೂರು, ದುಡಿಮೆಗೆ ಮುಂಬಯಿ, ದುಬೈ. ಕಡಲ ಎದುರಿಗೆ ಮನೆ ಇರುವುದು ಈ ಊರುಗಳ ಅನುಭವವಲ್ಲ. ಆದರೆ ಕಡಲ ಎದುರಿನ ಮನೆಯಲ್ಲಿ ಕೆಲಸ ಮಾಡುವುದು ಹೌದು.

ಇತ್ತೀಚಿನ ವರ್ಷಗಳಲ್ಲಿ ಕಡಲ ದಂಡೆಯಲ್ಲಿ ಹೊಸ ಬಗೆಯ ಮನೆಯೊಂದು ಕಾಣಿಸಿಕೊಂಡಿದೆ. ದುಬೈನ ಪಾಮ್ ಜುಮೇರಾದಲ್ಲಿ ಅದು ಸಾಮಾನ್ಯ ದೃಶ್ಯ. ಹೋಟೆಲು ಅಥವಾ ರೆಸಾರ್ಟ್ ಕಂಪನಿಯೊಂದರ ಹೆಸರು ಹೊತ್ತ ವಸತಿ ಕಟ್ಟಡ ಅದು. ಮನೆ ನಿಮ್ಮದು, ಹೆಸರು ಮತ್ತು ಉಪಚಾರ ಕಂಪನಿಯದು. ಈ ಕಲ್ಪನೆ ತೀರಾ ಹೊಸದೇನಲ್ಲ. ನ್ಯೂಯಾರ್ಕಿನಲ್ಲಿ 1927ರಲ್ಲಿ ಎದ್ದ ಶೆರ್ರಿ ನೆದರ್‌ಲ್ಯಾಂಡ್ ಹೋಟೆಲನ್ನು ಇದರ ಮೂಲಪುರುಷ ಎನ್ನುತ್ತಾರೆ. ಹೊಸದಾಗಿರುವುದು ಇಂಥ ಮನೆಯ ಕನಸು ನಮ್ಮ ಪತ್ರಿಕೆಗಳ ಜಾಹೀರಾತಿನ ಪುಟಕ್ಕೂ ಬಂದಿರುವುದು.

ಇದನ್ನು ಸಾಹಿತ್ಯದ ವಿಮರ್ಶೆ ಯಾಕೆ ಮುಟ್ಟಬೇಕು ಎಂದು ಕೇಳಬಹುದು. ಇಂಥ ಮನೆ ಮೊದಲು ಕಟ್ಟಲ್ಪಡುವುದು ಮಾತಿನಲ್ಲಿ. ತಳಪಾಯ ತೋಡುವ ಮೊದಲೇ ಅದರ ಬಣ್ಣದ ಪುಸ್ತಿಕೆ ತಯಾರಾಗಿರುತ್ತದೆ. ಕೊಳ್ಳುವವರು ಆ ಪುಸ್ತಿಕೆಯನ್ನು ಓದಿಯೇ ಮುಂಗಡ ಕೊಡುತ್ತಾರೆ. ಬದುಕು ಹೇಗಿರಬೇಕೆಂಬ ಕಥೆಯನ್ನು ಇಷ್ಟು ನಿಖರವಾಗಿ, ಇಷ್ಟು ಜನರಿಗೆ, ಇಷ್ಟು ಬೆಲೆಗೆ ಮಾರುತ್ತಿರುವ ಗದ್ಯಪ್ರಕಾರ ಇವತ್ತು ಬೇರೊಂದಿಲ್ಲ. ಹಾಗಿರುವಾಗ ಅದನ್ನು ನಮ್ಮ ಕಾದಂಬರಿಗಳ ಪಕ್ಕದಲ್ಲಿ ಇಟ್ಟು ಓದುವುದು ನ್ಯಾಯವೇ.

ಮೊದಲು ಹೆಸರನ್ನು ನೋಡೋಣ. ಈ ಸೀಮೆಯಲ್ಲಿ ಇಬ್ಬರು ಅಪರಿಚಿತರು ಭೇಟಿಯಾದರೆ ಎರಡನೆಯ ಪ್ರಶ್ನೆ ‘ಇಲ್ಲ್ ಓಲು?’, ಮನೆ ಎಲ್ಲಿ ಎಂದು. ಉತ್ತರದಲ್ಲಿ ಬರುವುದು ಊರಿನ ಹೆಸರಷ್ಟೇ ಅಲ್ಲ, ಗುತ್ತಿನ ಹೆಸರು, ಬೈಲಿನ ಹೆಸರು, ಮನೆತನದ ಹೆಸರು. ನಮ್ಮ ಸಾಹಿತ್ಯ ಚರಿತ್ರೆಯ ಪುಟಗಳೇ ಇದಕ್ಕೆ ಸಾಕ್ಷಿ. ಪಂಜೆ ಮಂಗೇಶರಾಯರು 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದವರು. ಮುಳಿಯ ತಿಮ್ಮಪ್ಪಯ್ಯ, ಸೇಡಿಯಾಪು ಕೃಷ್ಣಭಟ್ಟ, ಕಡೆಂಗೋಡ್ಲು ಶಂಕರಭಟ್ಟ, ಇವರನ್ನೆಲ್ಲ ನಾವು ಕರೆಯುವುದು ‘ಮುಳಿಯ’, ‘ಸೇಡಿಯಾಪು’, ‘ಕಡೆಂಗೋಡ್ಲು’ ಎಂದೇ. ಮನೆ ಮನುಷ್ಯನಿಗೆ ಹೆಸರು ಕೊಟ್ಟಿತು. ಮನುಷ್ಯ ಆ ಹೆಸರನ್ನು ನಾಡಿನ ತುಂಬ ಹರಡಿದ. ಮಣ್ಣಿನ ಗೋಡೆಯ ಮನೆ ಬಿದ್ದುಹೋದರೂ ಹೆಸರು ಪುಸ್ತಕದ ಬೆನ್ನಿನ ಮೇಲೆ ಉಳಿಯಿತು.

ಬ್ರಾಂಡಿನ ಮನೆಯಲ್ಲಿ ಈ ನಡೆ ತಿರುಗುಮುರುಗಾಗಿದೆ. ಅಲ್ಲಿ ಹೆಸರು ಬಾಡಿಗೆಯದು. ಕಟ್ಟುವವನು ಕಂಪನಿಗೆ ಶುಲ್ಕ ಕೊಟ್ಟು ಹೆಸರು ತರುತ್ತಾನೆ; ಕೊಳ್ಳುವವನು ಆ ಹೆಸರಿಗೆಂದು ಹೆಚ್ಚು ಬೆಲೆ ಕೊಡುತ್ತಾನೆ; ಸಾಮಾನ್ಯವಾಗಿ ಇವೆಲ್ಲಕ್ಕೂ ಒಂದು ಕರಾರು, ಆ ಕರಾರಿಗೊಂದು ಅವಧಿ. ಕರಾರು ಮುಗಿದ ದಿನ ಗೋಡೆ ಅಲ್ಲೇ ಇರುತ್ತದೆ, ಹೆಸರು ಎದ್ದು ಹೋಗಬಹುದು. ಆ ಹೆಸರಿನ ಮಾನ ಕಾಯಲು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಬಾರದು, ಹೊರಗೋಡೆಯ ಬಣ್ಣ ಬದಲಿಸಬಾರದು ಎಂಬ ನಿಯಮಗಳಿರುತ್ತವೆ. ಯಜಮಾನ ತನ್ನ ಮನೆಯಲ್ಲಿ ತಾನೇ ಸಭ್ಯ ಅತಿಥಿಯಂತೆ ಬಾಳುತ್ತಾನೆ. ಗುತ್ತಿನ ಮನೆಯ ಹೆಸರಿನಲ್ಲಿ ಮೇಲು ಕೀಳಿನ ಲೆಕ್ಕ ಇರಲಿಲ್ಲವೆಂದಲ್ಲ, ಬೇಕಾದಷ್ಟಿತ್ತು. ಆದರೆ ಆ ಹೆಸರಿಗೆ ಒಂದು ಜಾಗದ ನೆನಪು ಅಂಟಿಕೊಂಡಿತ್ತು. ಬ್ರಾಂಡಿನ ಹೆಸರು ಯಾವ ಜಾಗಕ್ಕೂ ಅಂಟದಿರುವುದರಿಂದಲೇ ಅದಕ್ಕೆ ಬೆಲೆ: ಬಾಲಿಯಲ್ಲೂ ಅದೇ, ಗೋವೆಯಲ್ಲೂ ಅದೇ.

ಸುಖದ ಬಗ್ಗೆ ಬರೆಯುವುದು ಕನ್ನಡಕ್ಕೆ ಗೊತ್ತಿಲ್ಲದ ವಿದ್ಯೆಯೂ ಅಲ್ಲ. ಮೂಡುಬಿದಿರೆಯ ರತ್ನಾಕರವರ್ಣಿ 16ನೆಯ ಶತಮಾನದಲ್ಲಿ ಬರೆದ ‘ಭರತೇಶ ವೈಭವ’ದ ಮೊದಲ ಭಾಗದ ಹೆಸರೇ ‘ಭೋಗವಿಜಯ’. ಚಕ್ರವರ್ತಿಯೊಬ್ಬನ ದಿನಚರಿಯನ್ನು, ಅವನ ಆಸ್ಥಾನ, ಊಟ, ಸಂಗೀತ, ಅಂತಃಪುರಗಳನ್ನು ಸಾಂಗತ್ಯದಲ್ಲಿ ಬಿಡಿಸಿ ಬಿಡಿಸಿ ಹೇಳುವ ಕಾವ್ಯ ಅದು. ರತ್ನಾಕರನಿಗೆ ಭೋಗದ ಬಗ್ಗೆ ನಾಚಿಕೆಯಿಲ್ಲ. ಭೋಗದ ನಡುವೆಯೇ ಯೋಗ ಸಾಧ್ಯ ಎನ್ನುವುದು ಅವನ ಕಾವ್ಯದ ಧೈರ್ಯ. ಆದ್ದರಿಂದ ‘ಐಷಾರಾಮವೇ ತಪ್ಪು’ ಎಂಬ ಸುಲಭದ ಮಡಿವಂತಿಕೆಗೆ ಈ ಸೀಮೆಯ ಓದುಗ ಬೀಳಬೇಕಿಲ್ಲ.

ಆದರೆ ಅಲ್ಲೊಂದು ಸಣ್ಣ ವಿವರವಿದೆ. ಭರತ ಊಟಕ್ಕೆ ಕೂರುವ ಮೊದಲು ಮುನಿಗಳ ದಾರಿ ಕಾಯುತ್ತಾನೆ. ಬಂದವರಿಗೆ ಆಹಾರ ಕೊಟ್ಟ ಮೇಲೆ ಅವನ ಊಟ. ಅಷ್ಟು ದೊಡ್ಡ ಅರಮನೆಯ ಸುಖ, ಕರೆಯದೆ ಬರುವ ಒಬ್ಬನಿಗಾಗಿ ಬಾಗಿಲಲ್ಲಿ ನಿಲ್ಲುತ್ತದೆ. ಬ್ರಾಂಡಿನ ಮನೆಯ ಬಾಗಿಲು ಕರೆಯದೆ ಬರುವವರನ್ನು ತಡೆಯಲೆಂದೇ ಇದೆ. ಗೇಟಿನಲ್ಲಿ ಹೆಸರು ಬರೆಯಬೇಕು, ಇಂಟರ್‌ಕಾಮಿನಲ್ಲಿ ಅನುಮತಿ ಬರಬೇಕು, ಕೊರಳಿಗೊಂದು ಪಾಸು ಬೇಕು. ಮೀನು ಹೊತ್ತು ತರುವ ಹೆಂಗಸು ಅಲ್ಲಿ ಬಾಗಿಲ ತನಕ ಬರುವುದಿಲ್ಲ. ಕಡಲ ಎದುರಿಗಿದ್ದೂ ಬಂಗುಡೆಯ ಇವತ್ತಿನ ದರ ಗೊತ್ತಿಲ್ಲದ ಬದುಕು ಅದು. ಭೋಗ ಎರಡು ಕಡೆಯೂ ಇದೆ, ವ್ಯತ್ಯಾಸವಿರುವುದು ಹೊಸ್ತಿಲಲ್ಲಿ.

ಇನ್ನು ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’. 1940ರ ದಶಕದ ಆರಂಭದ ಈ ಕಾದಂಬರಿ ಕನ್ನಡದಲ್ಲಿ ಕಡಲ ದಂಡೆಯ ಮನೆಯ ಬಹುದೊಡ್ಡ ಕಥನ. ಕೋಡಿಯ ರಾಮ ಐತಾಳರ ಮನೆಯಲ್ಲಿ ಕಡಲ ಸದ್ದು ಹಗಲೂ ರಾತ್ರಿಯೂ ಕೇಳುತ್ತದೆ. ಆದರೆ ‘ಸೀ ವ್ಯೂ’ ಎಂಬ ಮಾತು ಆ ಮನೆಯವರಿಗೆ ಅರ್ಥವಾಗುವಂಥದ್ದಲ್ಲ. ಅವರಿಗೆ ಕಡಲು ನೋಟವಲ್ಲ, ನೆರೆಮನೆ: ಕೆಲವೊಮ್ಮೆ ಕೊಡುತ್ತದೆ, ಕೆಲವೊಮ್ಮೆ ಕಸಿಯುತ್ತದೆ. ಐತಾಳರ ಹೆಂಡತಿ ಪಾರೋತಿ, ವಿಧವೆ ತಂಗಿ ಸರಸೋತಿ ಇಬ್ಬರೂ ಮಳೆಯಲ್ಲಿ ನೆನೆದು ನೆರೆಯಲ್ಲಿ ತೇಲಿಬರುವ ಸೌದೆ ಕೂಡಿಸುತ್ತಾರೆ, ಗದ್ದೆಯಲ್ಲಿ ದುಡಿಯುತ್ತಾರೆ, ಮರಳಿನ ನೆಲದಲ್ಲಿ ತರಕಾರಿ ಬೆಳೆಯುತ್ತಾರೆ. ಕಡಲ ಗಾಳಿಯನ್ನು ಅವರು ಅನುಭವಿಸುವುದು ಬಾಲ್ಕನಿಯಲ್ಲಿ ಕೂತಲ್ಲ, ಬೆನ್ನು ಬಗ್ಗಿಸಿ.

ಇಲ್ಲಿ ವಾಕ್ಯರಚನೆಯನ್ನೇ ಗಮನಿಸಬೇಕು. ಕಾರಂತರ ಗದ್ಯದಲ್ಲಿ ಕೆಲಸಕ್ಕೊಬ್ಬ ಕರ್ತೃ ಇರುತ್ತಾನೆ, ಹೆಚ್ಚಿನ ಕಡೆ ಇರುತ್ತಾಳೆ. ಸೌದೆ ಒಲೆಯ ಬುಡಕ್ಕೆ ತಾನಾಗಿ ಬರುವುದಿಲ್ಲ. ಯಾರೋ ತರುತ್ತಾರೆ, ಅವರಿಗೆ ಹೆಸರಿದೆ, ಅವರ ಸೊಂಟ ನೋಯುತ್ತದೆ. ಪುಸ್ತಿಕೆಯ ಗದ್ಯದಲ್ಲಿ ಕರ್ತೃವೇ ಮಾಯ. ಹಾಸಿಗೆ ಹಾಸಲಾಗಿರುತ್ತದೆ, ಬಟ್ಟೆ ಮಡಚಲಾಗಿರುತ್ತದೆ, ಮರಳು ಗುಡಿಸಲಾಗಿರುತ್ತದೆ. ಕನ್ನಡದ ಜಾಯಮಾನಕ್ಕೆ ಒಗ್ಗದ ಈ ಕರ್ಮಣಿ ಪ್ರಯೋಗ ಬರೀ ಅನುವಾದದ ದೋಷವಲ್ಲ. ಅದು ಆ ಬದುಕಿನ ನಿಜವಾದ ವ್ಯಾಕರಣ. ಕೆಲಸ ಆಗಿರಬೇಕು, ಮಾಡಿದವರು ಕಾಣಬಾರದು.

ಹಾಗೆಂದು ಕೋಡಿಯ ಮನೆಯನ್ನು ಹೊಗಳಿ ಈ ಮನೆಯನ್ನು ತೆಗಳಿದರೆ ಕಾರಂತರನ್ನು ಅರ್ಧ ಓದಿದಂತೆ. ಆ ಮನೆ ಹೆಂಗಸರ ಜೀವವನ್ನು ತೇಯ್ದು ನಿಂತಿತ್ತು ಎನ್ನುವುದನ್ನು ಕಾದಂಬರಿ ಒಂದು ಪುಟದಲ್ಲೂ ಮುಚ್ಚಿಡುವುದಿಲ್ಲ. ಮಕ್ಕಳಾಗಲಿಲ್ಲವೆಂದು ಐತಾಳರು ಎರಡನೆಯ ಮದುವೆಯಾದಾಗ ಪಾರೋತಿಯನ್ನು ಯಾರೂ ಕೇಳಲಿಲ್ಲ. ಮುಂದೆ ನಾಗವೇಣಿಯ ಪಾಲಿಗೆ ಬಂದದ್ದೂ ದುಡಿಮೆ ಮತ್ತು ಮೌನ. ನಲ್ಲಿ ತಿರುಗಿಸಿದರೆ ಬಿಸಿನೀರು ಬರುವ, ಪಾತ್ರೆ ತೊಳೆಯುವ ಯಂತ್ರವಿರುವ ಮನೆಯನ್ನು ಪಾರೋತಿಗೆ ತೋರಿಸಿದ್ದರೆ ಅವಳು ಬೇಡವೆನ್ನುತ್ತಿದ್ದಳೇ? ಇಲ್ಲ. ಹಿತ್ತಿಲ ಬಾವಿಯಿಂದ ನೀರು ಸೇದಿದವರಿಗೆ ಯಾರೂ ಹಳೆಯ ಬದುಕಿನ ಸೊಗಸನ್ನು ಬೋಧಿಸಬೇಕಾಗಿಲ್ಲ.

ಹಾಗಾದರೆ ಕೇಳಬೇಕಾದ ಪ್ರಶ್ನೆ ಬೇರೆ: ಪಾರೋತಿಯ ಕೆಲಸ ನಿಜಕ್ಕೂ ಮುಗಿಯಿತೆ, ಅಥವಾ ಅದು ಬೇರೊಬ್ಬಳ ಕೈಗೆ ದಾಟಿತೆ? ಬ್ರಾಂಡಿನ ಮನೆಯಲ್ಲೂ ಹಾಸಿಗೆ ಹಾಸುವ, ಬಚ್ಚಲು ತೊಳೆಯುವ, ಮರಳು ಗುಡಿಸುವ ಕೈಗಳಿವೆ. ಆ ಕೈಗೆ ಸಂಬಳ ಸಿಗುತ್ತದೆ, ಅದು ಸಣ್ಣ ಮಾತಲ್ಲ; ಪಾರೋತಿಗೆ ಅದೂ ಇರಲಿಲ್ಲ. ಆದರೆ ಪಾರೋತಿ ತಾನು ಗುಡಿಸಿದ ಅಂಗಳದಲ್ಲೇ ಸಂಜೆ ಕೂರಬಹುದಿತ್ತು. ಇವಳು ಕೆಲಸ ಮುಗಿದ ಮೇಲೆ ಹಿಂಬಾಗಿಲ ಲಿಫ್ಟಿನಲ್ಲಿ ಇಳಿದು ಹೊರಗೆ ಹೋಗಬೇಕು.

ಕಾರಂತರ ಕಾದಂಬರಿಯಲ್ಲೇ ಇನ್ನೊಂದು ಎಳೆಯಿದೆ. ಐತಾಳರ ಎದುರಾಳಿ ಶೀನ ಮಯ್ಯನ ಮನೆಯವರು ಬೆಂಗಳೂರಿಗೆ ಹೋಗಿ ಹೋಟೆಲು ಇಟ್ಟು ಹಣ ಮಾಡುತ್ತಾರೆ. ಆ ಹಣದ ಪೈಪೋಟಿಯಲ್ಲೇ ಐತಾಳರು ಮಗ ಲಚ್ಚನಿಗೆ ಇಂಗ್ಲಿಷ್ ಓದಿಸಹೊರಡುವುದು, ಮನೆ ಮುಳುಗುವುದು. ಕರಾವಳಿಯವರು ಕಡಲನ್ನು ಬಿಟ್ಟು ಹೋಗಿ ಊರೂರಲ್ಲಿ ಹೋಟೆಲು ತೆರೆದದ್ದು 20ನೆಯ ಶತಮಾನದ ಕಥೆ. ಹೋಟೆಲೇ ಕಡಲನ್ನು ಹುಡುಕಿಕೊಂಡು ಬಂದು ಮನೆಯಾಗಿ ನಿಲ್ಲುವುದು ಈ ಶತಮಾನದ್ದು. ಉಪಚಾರವನ್ನು ಕಸುಬು ಮಾಡಿಕೊಂಡ ಸಮಾಜವೊಂದಕ್ಕೆ ತನ್ನ ಮನೆಯೇ ಹೋಟೆಲಿನಂತಿರಲಿ ಎಂಬ ಆಸೆ ಯಾವಾಗ, ಯಾಕೆ ಬಂತು ಎಂಬುದನ್ನು ಯಾರಾದರೂ ಬರೆಯಬೇಕಿತ್ತು. ‘ಹೋಟೆಲಿನಂತೆ’ ಎನ್ನುವುದು ನಮ್ಮ ಅಜ್ಜಿಯಂದಿರ ಬಾಯಲ್ಲಿ ಬೈಗುಳವಾಗಿತ್ತು: ಉಂಡು ಮಲಗುವುದಕ್ಕೆ ಮಾತ್ರ ಮನೆಗೆ ಬರುವವನನ್ನು ಕುರಿತ ಮಾತದು.

ಕಡಲಿಗೆ ಮುಖ ಮಾಡಿದ ಫ್ಲ್ಯಾಟಿನಲ್ಲಿ ಕೂತು ಬರೆದವರೂ ನಮ್ಮಲ್ಲಿದ್ದಾರೆ. 2014ರಲ್ಲಿ ತೀರಿಕೊಂಡ ಯಶವಂತ ಚಿತ್ತಾಲರು ದಶಕಗಳ ಕಾಲ ಇದ್ದದ್ದು ಮುಂಬಯಿಯ ಬಾಂದ್ರಾ ಬ್ಯಾಂಡ್‌ಸ್ಟ್ಯಾಂಡಿನಲ್ಲಿ, ಅರಬ್ಬೀ ಸಮುದ್ರದ ಎದುರಿಗೆ. ಆ ಕಿಟಕಿಯ ಮುಂದೆ ಕೂತು ಅವರು ಮತ್ತೆ ಮತ್ತೆ ಬರೆದದ್ದು ಉತ್ತರ ಕನ್ನಡದ ಹನೇಹಳ್ಳಿಯ ಬಗ್ಗೆ. ಕಡಲು ಅವರಿಗೆ ದೃಶ್ಯವಾಗಲಿಲ್ಲ, ಊರಿಗೆ ಹೋಗುವ ದಾರಿಯಾಯಿತು. ‘ಶಿಕಾರಿ’ಯಲ್ಲಿ ಅವರು ತೋರಿಸಿದ್ದು ಇನ್ನೊಂದು ಸತ್ಯವನ್ನು: ದೊಡ್ಡ ಕಂಪನಿ ಕೊಟ್ಟ ಸ್ಥಾನಮಾನವನ್ನೇ ತನ್ನ ಗುರುತು ಎಂದುಕೊಂಡ ಮನುಷ್ಯ, ಕಂಪನಿ ಕೈಬಿಟ್ಟ ದಿನ ಬೇಟೆಯ ಪ್ರಾಣಿಯಾಗುತ್ತಾನೆ. 1979ರ ಆ ಕಾದಂಬರಿಯಲ್ಲಿ ಕಂಪನಿ ಕೊಡುತ್ತಿದ್ದುದು ಹುದ್ದೆಯನ್ನು. ಈಗ ಮನೆಯ ಹೆಸರನ್ನೂ ಅದೇ ಕೊಡುತ್ತಿದೆ. ನಾಗಪ್ಪನ ಭಯಕ್ಕೆ ಇನ್ನೊಂದು ಕೋಣೆ ಸಿಕ್ಕಿದೆ ಎನ್ನಬೇಕು.

ಕೊನೆಗೆ ಕಡಲು. ಪುಸ್ತಿಕೆಯ ಕಡಲಿಗೆ ಜೂನ್ ತಿಂಗಳಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದೋಣಿಗಳು ದಡದಲ್ಲಿ, ಬಲೆಗಳು ಹೆಣಿಗೆಯಲ್ಲಿ. ಹಳೆಯ ಮನೆಗಳು ಮಳೆಗಾಲಕ್ಕೆ ಮೊದಲೇ ಪಡುವಣ ದಿಕ್ಕಿಗೆ ಮಡಲಿನ ತಟ್ಟಿ ಕಟ್ಟಿ ಕಡಲಿಗೆ ಬೆನ್ನು ತಿರುಗಿಸಿಕೊಳ್ಳುತ್ತಿದ್ದವು. ಅದು ಅಜ್ಞಾನವಲ್ಲ, ಪರಿಚಯ. ಉಳ್ಳಾಲ, ಸೋಮೇಶ್ವರದ ದಂಡೆಯಲ್ಲಿ ಮಳೆಗಾಲ ಬಂತೆಂದರೆ ಕಡಲ್ಕೊರೆತದ ಸುದ್ದಿ. ತೆಂಗು ಬೀಳುತ್ತದೆ, ಗೋಡೆ ಬೀಳುತ್ತದೆ, ಕಲ್ಲು ತಂದು ಸುರಿಯುತ್ತಾರೆ. ದಂಡೆಯಲ್ಲಿ ಕಟ್ಟುವುದನ್ನು ನಿಯಂತ್ರಿಸುವ ಅಧಿಸೂಚನೆ 1991ರಲ್ಲಿ ಬಂತು. ಗ್ರಾಮೀಣ ಕಡಲ ತೀರದಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಖಾಲಿ ಬಿಡಬೇಕೆಂದಿದ್ದ ನಿಯಮವನ್ನು 2019ರ ಅಧಿಸೂಚನೆ ಜನದಟ್ಟಣೆಯ ಕಡೆ 50 ಮೀಟರಿಗೆ ಇಳಿಸಿತು. ಗೆರೆ ಕಾಗದದಲ್ಲಿ ಹಿಂದೆ ಮುಂದೆ ಸರಿಯುತ್ತದೆ. ಕಡಲು ಮಾತ್ರ ತನ್ನ ಗೆರೆಯನ್ನು ತಾನೇ ಎಳೆಯುತ್ತದೆ. ಕಡಲು ತಂದ ನಷ್ಟ ಯಾರ ಹೆಗಲಿಗೆ ಎಂಬುದು ‘ಸೀ ವ್ಯೂ’ ಎಂಬ ಎರಡು ಪದಗಳೊಳಗೆ ಅಡಗಿರುವ ಕಾದಂಬರಿ. ಮೊಗವೀರರ ಗುಡಿಸಲು ಕೊಚ್ಚಿಹೋದರೆ ಅದು ನೈಸರ್ಗಿಕ ವಿಕೋಪ. ನೋಟಕ್ಕೆ ಅಡ್ಡವಾದರೆ ಅದೇ ಗುಡಿಸಲು ಅತಿಕ್ರಮಣ.

ಈ ಕಾದಂಬರಿಯನ್ನು ಕನ್ನಡ ಇನ್ನೂ ಬರೆದಿಲ್ಲ. ಮಾಲೀಕರ ಕಡೆಯಿಂದ ಅದು ಬರುವುದು ಕಷ್ಟ, ಏಕೆಂದರೆ ಇಂಥ ಮನೆಗಳ ಎಷ್ಟೋ ಮಾಲೀಕರು ವರ್ಷದ ಹೆಚ್ಚಿನ ಭಾಗ ಅಲ್ಲಿ ಇರುವುದೇ ಇಲ್ಲ. ಅಲ್ಲಿ ದಿನವೂ ಇರುವವರು ಬೇರೆ: ಬೆಳ್ತಂಗಡಿಯಿಂದ ಹೋಗಿ ದುಬೈಯ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಹುಡುಗ, ಬಂಟ್ವಾಳದಿಂದ ಹೋಗಿ ಮುಂಬಾಗಿಲ ಮೇಜಿನ ಹಿಂದೆ ನಿಂತು ಮೂರು ಭಾಷೆಯಲ್ಲಿ ನಗುವ ಹುಡುಗಿ, ಮೂಡುಬಿದಿರೆಯಲ್ಲಿ ಓದಿ ಯಾರೂ ಇಲ್ಲದ ಮನೆಗಳ ಎಸಿ ಲೆಕ್ಕ ಬರೆದಿಡುವ ಗುಮಾಸ್ತ. ಖಾಲಿ ಮನೆಯ ಗಾಜನ್ನು ಒರೆಸುವಾಗ ಕಡಲು ಹೇಗೆ ಕಾಣುತ್ತದೆ ಎನ್ನುವುದು ಗೊತ್ತಿರುವುದು ಅವರಿಗೆ ಮಾತ್ರ. ರಾಮ ಐತಾಳರ ಮೊಮ್ಮಗ ಮದರಾಸು, ಮುಂಬಯಿ ಸುತ್ತಿ ಮಣ್ಣಿಗೆ ಮರಳಿದ. ಇವರಿಗೆ ಮರಳುವ ಮಣ್ಣು ಇದೆಯೋ ಇಲ್ಲವೋ. ಬರೆಯುವ ನುಡಿಯಂತೂ ಇದೆ. ‘ಒರೆಸಲಾಗಿದೆ’ ಎಂಬಲ್ಲಿ ‘ನಾನು ಒರೆಸಿದೆ’ ಎಂದು ಒಬ್ಬರು ಬರೆದರೆ ಸಾಕು, ಅಲ್ಲಿಂದ ಕಾದಂಬರಿ ಶುರುವಾಗುತ್ತದೆ.